ಎಣಿಕೆಗೆ ಸಿಗದವರು: ಸಂಘರ್ಷದ ನೆಲದಲ್ಲಿ ಆರೋಗ್ಯ ಸಂಶೋಧನೆ ಎಲ್ಲಿ ಎಡವುತ್ತದೆ

2003ರ ಮಾರ್ಚ್‌ನಲ್ಲಿ ಶುರುವಾದ ಇರಾಕ್ ಯುದ್ಧದಲ್ಲಿ 2006ರ ನಡುವಿನ ಹೊತ್ತಿಗೆ ಹಿಂಸೆಗೆ ಬಲಿಯಾದವರು ಎಷ್ಟು ಮಂದಿ? ‘ಲ್ಯಾನ್ಸೆಟ್’ ನಿಯತಕಾಲಿಕ 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಸುಮಾರು 6,01,000. ಇರಾಕ್ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ನಡೆಸಿದ, 2008ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಸಮೀಕ್ಷೆಯ ಪ್ರಕಾರ 1,51,000. ಅವಧಿ ಹೆಚ್ಚುಕಡಿಮೆ ಒಂದೇ. ಎರಡೂ ಮನೆಬಾಗಿಲಿಗೆ ಹೋಗಿ ಕೇಳಿದ ಸಮೀಕ್ಷೆಗಳೇ. ಆದರೂ ಉತ್ತರದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ.

ಮೊದಲನೆಯದು 47 ಗುಂಪುಗಳಲ್ಲಿ, ಅಂದರೆ ಆರಿಸಿದ ಒಂದೊಂದು ಜಾಗದ ಅಕ್ಕಪಕ್ಕದ ಮನೆಗಳ ಸಮೂಹಗಳಲ್ಲಿ, 1,849 ಮನೆಗಳನ್ನು ಮಾತ್ರ ನೋಡಿತ್ತು. ಮನೆ ಆರಿಸಿದ ಕ್ರಮದಿಂದಾಗಿ ಮುಖ್ಯರಸ್ತೆಗೆ ಹತ್ತಿರದ, ಅಂದರೆ ಬಾಂಬು ಸಿಡಿಯುವ ಸಂಭವ ಹೆಚ್ಚಿರುವ ಮನೆಗಳಿಗೇ ಹೆಚ್ಚು ಅವಕಾಶ ಸಿಕ್ಕಿತೆಂಬ ಟೀಕೆ ಬಂತು. ವಿಧಾನದ ಪೂರ್ತಿ ವಿವರ ಕೊಡಲಿಲ್ಲವೆಂದು 2009ರಲ್ಲಿ ಅಮೆರಿಕದ ಜನಾಭಿಪ್ರಾಯ ಸಂಶೋಧಕರ ಸಂಘ ಮುಖ್ಯ ಸಂಶೋಧಕರನ್ನು ಬಹಿರಂಗವಾಗಿ ಖಂಡಿಸಿತು. ಎರಡನೆಯದು 9,345 ಮನೆಗಳನ್ನು ತಲುಪಿತ್ತು. ಹಾಗೆಂದು ಅದು ದೋಷಮುಕ್ತವೇನಲ್ಲ. ಆರಿಸಿದ್ದ ಗುಂಪುಗಳಲ್ಲಿ ಶೇ 10ಕ್ಕೂ ಹೆಚ್ಚು ಕಡೆಗೆ ಭದ್ರತೆಯ ಕಾರಣದಿಂದ ಯಾರೂ ಹೋಗಲಾಗಲಿಲ್ಲ, ಅವು ಹಿಂಸೆ ತೀವ್ರವಾಗಿದ್ದ ಬಾಗ್ದಾದ್ ಮತ್ತು ಅನ್ಬಾರ್ ಪ್ರಾಂತಗಳಲ್ಲೇ ಹೆಚ್ಚಾಗಿದ್ದವು. ಆ ಖಾಲಿ ಜಾಗವನ್ನು ಸುದ್ದಿ ವರದಿಗಳಿಂದ ಸಾವು ಎಣಿಸುವ ದತ್ತಾಂಶದ ಅನುಪಾತ ಹಾಕಿ ತುಂಬಲಾಯಿತು. ಜೊತೆಗೆ, ಬಾಗಿಲು ತಟ್ಟಿದವರು ಸರ್ಕಾರದ ಕಡೆಯವರು. ಮಗನನ್ನು ಕೊಂದವರು ಸರ್ಕಾರದ ಪರ ಇರುವ ಸಶಸ್ತ್ರ ಗುಂಪಿನವರಾದರೆ ತಂದೆ ಆ ಸಾವನ್ನು ಹೇಳುತ್ತಾನೆಯೇ?

ಇಂಥ ತಕರಾರುಗಳನ್ನು ಸಂಖ್ಯಾಶಾಸ್ತ್ರದ ಜಗಳವೆಂದು ನೋಡುವುದು ರೂಢಿ. ಆದರೆ ಸಂಘರ್ಷದ ನೆಲದಲ್ಲಿ ಲೆಕ್ಕಾಚಾರ ಶುರುವಾಗುವ ಮೊದಲೇ ಉತ್ತರ ಅರ್ಧ ತೀರ್ಮಾನವಾಗಿರುತ್ತದೆ. ಯಾವ ದಾರಿ ತೆರೆದಿತ್ತು, ಯಾರು ಕೇಳಿದರು, ಯಾರು ಬದುಕುಳಿದು ಉತ್ತರಿಸಿದರು ಎಂಬುದೇ ಅಂಕಿಯನ್ನು ರೂಪಿಸುತ್ತದೆ.

ಹದಿನೆಂಟು ಸಾವುಗಳ ಲೆಕ್ಕ

ತುರ್ತು ಪರಿಸ್ಥಿತಿಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ‘ಸ್ಮಾರ್ಟ್’ ಎಂಬ ಸಮೀಕ್ಷಾ ವಿಧಾನ. ಮಕ್ಕಳ ಅಪೌಷ್ಟಿಕತೆ ಮತ್ತು ಮರಣ ಪ್ರಮಾಣ, ಎರಡನ್ನೂ ಒಂದೇ ಸುತ್ತಿನಲ್ಲಿ ಅಳೆಯುತ್ತದೆ. ಒಂದು ಉದಾಹರಣೆ ಬಿಡಿಸಿ ನೋಡೋಣ.

ಅಪೌಷ್ಟಿಕತೆ ಶೇ 15ರ ಆಸುಪಾಸಿನಲ್ಲಿದೆ ಎಂದು ಊಹಿಸಿ, ಉತ್ತರ ಶೇ 5 ಆಚೀಚೆ ಇದ್ದರೆ ಸಾಕು ಎಂದುಕೊಳ್ಳೋಣ. ಒಂದೇ ಗುಂಪಿನ ಮನೆಗಳು ಒಂದನ್ನೊಂದು ಹೋಲುವುದರಿಂದ ಮಾದರಿಯನ್ನು ಒಂದೂವರೆ ಪಟ್ಟು ಹಿಗ್ಗಿಸಬೇಕು. ಗುಂಪು ಸಮೀಕ್ಷೆಗೆ ಬಳಸುವ 2.045 ಎಂಬ ಗುಣಕ ಹಾಕಿದರೆ ಸುಮಾರು 320 ಮಕ್ಕಳು ಬೇಕಾಗುತ್ತಾರೆ. ಮನೆಗೆ ಸರಾಸರಿ 5 ಜನ, ಅವರಲ್ಲಿ ಐದು ವರ್ಷದೊಳಗಿನವರು ಶೇ 18 ಎಂದು ಹಿಡಿದು, ಆರು ತಿಂಗಳೊಳಗಿನ ಶಿಶುಗಳನ್ನು ಬಿಟ್ಟರೆ 395 ಮನೆ. ಸಿಗದವರು, ಒಲ್ಲೆ ಎನ್ನುವವರು ಶೇ 5 ಇರುತ್ತಾರೆಂದು ಹಿಡಿದರೆ 416 ಮನೆ. ಒಂದು ತಂಡ ಒಂದು ದಿನಕ್ಕೆ 13 ಮನೆ ಮುಗಿಸುವುದಾದರೆ 32 ಗುಂಪುಗಳು.

ಈ 416 ಮನೆಗಳಲ್ಲಿ ಸುಮಾರು 2,000 ಜನ ಇರುತ್ತಾರೆ. ಕಳೆದ 90 ದಿನಗಳಲ್ಲಿ ಯಾರಾದರೂ ತೀರಿಕೊಂಡರೇ ಎಂದು ಕೇಳುತ್ತೇವೆ. 18 ಸಾವು ದಾಖಲಾದರೆ ಪ್ರಮಾಣ ದಿನಕ್ಕೆ 10,000 ಜನರಿಗೆ 1. ಅದೇ ತುರ್ತುಸ್ಥಿತಿಯ ಗೆರೆ. ಐದು ವರ್ಷದೊಳಗಿನ ಮಕ್ಕಳಿಗೆ ಆ ಗೆರೆ 2. ಆದರೆ ಆ 18ರ ಸುತ್ತಲಿನ ಅನಿಶ್ಚಿತತೆ ನೋಡಿ: ಗುಂಪುಗಳ ಪ್ರಭಾವ ಸೇರಿಸದೆಯೇ ನಿಜವಾದ ಪ್ರಮಾಣ 0.6ರಿಂದ 1.6ರವರೆಗೆ ಎಲ್ಲಿ ಬೇಕಾದರೂ ಇರಬಹುದು. ನಾಲ್ಕು ತಿಂಗಳ ಹಿಂದಿನ ಸಾವನ್ನು ಒಂದು ಮನೆಯವರು ‘ಮೂರು ತಿಂಗಳಾಯಿತು’ ಎಂದರೆ, ಇನ್ನೊಂದು ಮನೆಯವರು ಹುಟ್ಟಿದ ಎರಡನೇ ದಿನ ಸತ್ತ ಕೂಸನ್ನು ಲೆಕ್ಕಕ್ಕೇ ತರದಿದ್ದರೆ ಅಂಕಿ ಅಷ್ಟರಮಟ್ಟಿಗೆ ವಾಲುತ್ತದೆ. ಅದಕ್ಕಾಗಿಯೇ ಅವಧಿಯ ಆರಂಭವನ್ನು ಎಲ್ಲರಿಗೂ ನೆನಪಿರುವ ಹಬ್ಬಕ್ಕೋ ಘಟನೆಗೋ ಕಟ್ಟುತ್ತಾರೆ. ‘ಸಾವು’ ಎಂದು ನೇರ ಕೇಳುವ ಮೊದಲು ಅಂದು ಮನೆಯಲ್ಲಿದ್ದವರ ಪಟ್ಟಿ ಮಾಡಿಸಿ, ಒಬ್ಬೊಬ್ಬರೂ ಈಗ ಎಲ್ಲಿದ್ದಾರೆಂದು ವಿಚಾರಿಸುತ್ತಾರೆ.

ಇನ್ನು, ಹೊರಡುವ ದಿನ ರಸ್ತೆ ಮುಚ್ಚಿದರೆ? ಸ್ಮಾರ್ಟ್ ವಿಧಾನದಲ್ಲಿ ಆರಿಸುವಾಗಲೇ ಕೆಲವು ಬದಲಿ ಗುಂಪುಗಳನ್ನು ತೆಗೆದಿಟ್ಟಿರುತ್ತಾರೆ; 32 ಗುಂಪುಗಳಿದ್ದರೆ ಬದಲಿ ನಾಲ್ಕು. ಶೇ 10 ಅಥವಾ ಅದಕ್ಕಿಂತ ಹೆಚ್ಚು ಗುಂಪುಗಳು ಕೈತಪ್ಪಿದಾಗ ಮಾತ್ರ ಅವನ್ನು ಬಳಸಬೇಕು, ಬಳಸಿದರೆ ನಾಲ್ಕನ್ನೂ ಬಳಸಬೇಕು. ಅನುಕೂಲದ್ದೊಂದನ್ನು ಆರಿಸಿಕೊಳ್ಳುವ ಹಾಗಿಲ್ಲ. ನಿಯಮ ಚೆನ್ನಾಗಿದೆ. ಆದರೆ ಅದು ಮಾದರಿಯ ಗಾತ್ರ ಉಳಿಸುತ್ತದೆಯೇ ಹೊರತು ಮಾದರಿಯ ಪ್ರಾತಿನಿಧ್ಯವನ್ನಲ್ಲ. ಬಾಂಬ್ ದಾಳಿಗೆ ತುತ್ತಾದ ಹಳ್ಳಿಯ ಬದಲು ಶಾಂತವಾಗಿರುವ ಹಳ್ಳಿ ಬಂದರೆ 32ರ ಲೆಕ್ಕ ಸರಿಹೋಯಿತು, ಮರಣ ಪ್ರಮಾಣ ಕುಸಿಯಿತು. 2004ರ ಇರಾಕ್ ಸಮೀಕ್ಷೆಯಲ್ಲಿ ಇದರ ಇನ್ನೊಂದು ಮುಖ ಕಾಣಿಸಿತ್ತು. 33 ಗುಂಪುಗಳಲ್ಲಿ ಫಲ್ಲೂಜಾದ ಒಂದರಲ್ಲೇ ಸಾವುಗಳು ಎಷ್ಟಿದ್ದವೆಂದರೆ, ಅದನ್ನು ಸೇರಿಸಿದರೆ ಒಟ್ಟು ಅಂದಾಜು ವಿಪರೀತವಾಗಿ ಏರುತ್ತಿತ್ತು. ಅದನ್ನು ಹೊರಗಿಟ್ಟೇ 98,000 ಹೆಚ್ಚುವರಿ ಸಾವು, ಅಂದರೆ ಯುದ್ಧವಿಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಿನ ಸಾವು, ಎಂದರು. ನಿಜವಾದ ಅಂಕಿ ಇರಬಹುದಾದ ಶೇ 95ರ ವಿಶ್ವಾಸ ವ್ಯಾಪ್ತಿ 8,000ದಿಂದ 1,94,000. ಹಿಂಸೆ ಸಮನಾಗಿ ಹರಡಿರುವುದಿಲ್ಲ. ಮೂವತ್ತು ಚಿಲ್ಲರೆ ಗುಂಪುಗಳ ಮಾದರಿ ಅದನ್ನು ಹಿಡಿಯುವುದು ಬಹುಪಾಲು ಅದೃಷ್ಟದ ಮಾತು.

ಒಟ್ಟು ಎಷ್ಟು ಜನ?

ಯಾವ ಪ್ರಮಾಣಕ್ಕೂ ಒಂದು ಛೇದ ಬೇಕು. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಕೊನೆಯ ಜನಗಣತಿ 1984ರದ್ದು. ಅಫ್ಘಾನಿಸ್ತಾನದ್ದು 1979ರದ್ದು, ಅದೂ ಪೂರ್ತಿಯಾಗಲಿಲ್ಲ. ಜನಸಂಖ್ಯೆಗೆ ತಕ್ಕಂತೆ ಹಳ್ಳಿಗಳನ್ನು ಆರಿಸಬೇಕೆಂದರೆ ಪಟ್ಟಿ ಬೇಕು. ಹಳೆಯ ಪಟ್ಟಿಯಲ್ಲಿ ಖಾಲಿಯಾದ ಊರುಗಳಿರುತ್ತವೆ, ಹೋದ ತಿಂಗಳು ಎದ್ದ ಶಿಬಿರ ಇರುವುದಿಲ್ಲ. ಪಟ್ಟಿಯಲ್ಲಿಲ್ಲದವರು ಆಯ್ಕೆಯಾಗುವ ಸಂಭವ ಸೊನ್ನೆ. ಉಪಗ್ರಹ ಚಿತ್ರದಲ್ಲಿ ಗುಡಾರಗಳನ್ನು ಎಣಿಸಿ, ಗುಡಾರಕ್ಕೆ ಇಷ್ಟು ಜನ ಎಂದು ಗುಣಿಸುವುದು ಈಗಿನ ದಾರಿ. ಗುಡಾರ ಕಾಣುತ್ತದೆ, ಸಂಬಂಧಿಕರ ಮನೆಯ ಒಂದು ಕೋಣೆಯಲ್ಲಿ ತುಂಬಿಕೊಂಡ ಎರಡು ಕುಟುಂಬ ಕಾಣುವುದಿಲ್ಲ.

ಹೆಚ್ಚುವರಿ ಸಾವಿನ ಅಂದಾಜಿಗೆ ಇನ್ನೊಂದು ಆಧಾರವೂ ಬೇಕು: ಯುದ್ಧವೇ ಇಲ್ಲದಿದ್ದರೆ ಎಷ್ಟು ಜನ ಸಾಯುತ್ತಿದ್ದರು? ಕಾಂಗೋದಲ್ಲಿ 1998ರಿಂದ 2007ರವರೆಗೆ 54 ಲಕ್ಷ ಹೆಚ್ಚುವರಿ ಸಾವು ಎಂಬ, ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿ ಎಂಬ ನೆರವು ಸಂಸ್ಥೆಯ ಅಂಕಿ ಜಗತ್ತೆಲ್ಲ ಸುತ್ತಿತು. ಅದು ಸಹಾರಾ ಕೆಳಗಿನ ಆಫ್ರಿಕಾದ ಸರಾಸರಿಯನ್ನು, ಅಂದರೆ ತಿಂಗಳಿಗೆ ಸಾವಿರಕ್ಕೆ 1.5 ಸಾವು ಎಂಬುದನ್ನು, ಮೂಲ ಪ್ರಮಾಣವಾಗಿ ಹಿಡಿದಿತ್ತು. ಕಾಂಗೋ ಯುದ್ಧಕ್ಕೆ ಮೊದಲೇ ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲಿತ್ತು, 2.0 ಹಿಡಿಯಬೇಕು ಎಂದು ‘ಹ್ಯೂಮನ್ ಸೆಕ್ಯುರಿಟಿ ರಿಪೋರ್ಟ್’ ತಂಡ ವಾದಿಸಿತು. ಅರ್ಧ ಅಂಕದ ಈ ಬದಲಾವಣೆಯಿಂದ 2001ರ ನಂತರದ ಸುಮಾರು 28 ಲಕ್ಷ ಹೆಚ್ಚುವರಿ ಸಾವುಗಳು 9 ಲಕ್ಷಕ್ಕೂ ಕೆಳಗಿಳಿಯುತ್ತವೆ. ಸಮೀಕ್ಷಕರು ತಂದ ದತ್ತಾಂಶದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಮನೆಗೆ ಹೋಗಲಾಗದಿದ್ದಾಗ

ಮನೆ ಸಮೀಕ್ಷೆಯ ದೊಡ್ಡ ಕುರುಡು ಎಂದರೆ ಇಡೀ ಕುಟುಂಬವೇ ಅಳಿದರೆ ಹೇಳಲು ಯಾರೂ ಉಳಿಯುವುದಿಲ್ಲ. ಹೀಗಾಗಿ, ಮತ್ತು ಎಷ್ಟೋ ಕಡೆ ಹೋಗುವುದೇ ಅಸಾಧ್ಯವಾದ್ದರಿಂದ, ಈಚೆಗೆ ಪಟ್ಟಿಗಳನ್ನು ತಾಳೆ ಹಾಕುವ ವಿಧಾನ ಮುನ್ನೆಲೆಗೆ ಬಂದಿದೆ. ಕಾಡಿನ ಪ್ರಾಣಿಗಳ ಸಂಖ್ಯೆ ಅಂದಾಜಿಸಲು ಬಳಸುವ ‘ಹಿಡಿ, ಬಿಡು, ಮತ್ತೆ ಹಿಡಿ’ ಲೆಕ್ಕವೇ ಇದು.

ಆಸ್ಪತ್ರೆಯ ಪಟ್ಟಿಯಲ್ಲಿ 400 ಮೃತರ ಹೆಸರಿವೆ, ಸಾಮಾಜಿಕ ಜಾಲತಾಣದ ಶ್ರದ್ಧಾಂಜಲಿಗಳಲ್ಲಿ 300, ಎರಡರಲ್ಲೂ ಇರುವವರು 100 ಎಂದಿಟ್ಟುಕೊಳ್ಳಿ. 400ನ್ನು 300ರಿಂದ ಗುಣಿಸಿ 100ರಿಂದ ಭಾಗಿಸಿದರೆ 1,200. ಹೆಸರು ಸಿಕ್ಕವರು 600, ಯಾವ ಪಟ್ಟಿಗೂ ಸಿಗದವರು ಇನ್ನೂ 600 ಎಂದರ್ಥ. ಕಾಗದದ ಮೇಲೆ ಸುಲಭ. ಒಂದೇ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ, ಅಜ್ಜನ ಹೆಸರು ಒಮ್ಮೆ ಇರುತ್ತದೆ ಒಮ್ಮೆ ಇರುವುದಿಲ್ಲ. ಹೊಂದಿಕೆಯಾಗಬೇಕಾದ 40 ಜೋಡಿ ತಪ್ಪಿಹೋದರೆ ಭಾಜಕ 60ಕ್ಕೆ ಇಳಿದು ಉತ್ತರ 2,000ಕ್ಕೆ ಹಾರುತ್ತದೆ. ಆಸ್ಪತ್ರೆಗೆ ಸೇರಿದವರ ಕುಟುಂಬವೇ ಶ್ರದ್ಧಾಂಜಲಿಯನ್ನೂ ಹಾಕುವ ಸಂಭವ ಹೆಚ್ಚಿದ್ದರೆ ಹೊಂದಿಕೆ ಜಾಸ್ತಿಯಾಗಿ ಅಂದಾಜು ಕುಗ್ಗುತ್ತದೆ. ಇದನ್ನು ಸರಿದೂಗಿಸಲು ಕನಿಷ್ಠ ಮೂರು ಪಟ್ಟಿ ಬೇಕು.

2025ರ ಜನವರಿಯಲ್ಲಿ ಪ್ರಕಟವಾದ ಗಾಜಾ ಅಧ್ಯಯನ ಹೀಗೆಯೇ ನಡೆದದ್ದು. ಆರೋಗ್ಯ ಸಚಿವಾಲಯದ ಆಸ್ಪತ್ರೆ ದಾಖಲೆ, ಆನ್‌ಲೈನ್ ಸಮೀಕ್ಷೆ ಮತ್ತು ಜಾಲತಾಣದ ಶ್ರದ್ಧಾಂಜಲಿಗಳನ್ನು ತಾಳೆ ಹಾಕಿ, 2023ರ ಅಕ್ಟೋಬರ್ 7ರಿಂದ 2024ರ ಜೂನ್ 30ರವರೆಗೆ ಗಾಯಗಳಿಂದಾದ ಸಾವು 64,260 ಎಂದು ಅಂದಾಜಿಸಿತು. ಸಚಿವಾಲಯದ ಲೆಕ್ಕ ಅದಕ್ಕಿಂತ ಶೇ 41ರಷ್ಟು ಕಡಿಮೆಯಿತ್ತು. ಸುಡಾನ್‌ನ ಖಾರ್ಟೂಮ್ ರಾಜ್ಯದಲ್ಲಿ ಇದೇ ದಾರಿ ಹಿಡಿದ ಇನ್ನೊಂದು ತಂಡ, ಯುದ್ಧದ ಮೊದಲ 14 ತಿಂಗಳಲ್ಲಿ ಎಲ್ಲ ಕಾರಣಗಳಿಂದ 61,000ಕ್ಕೂ ಹೆಚ್ಚು ಜನ ಸತ್ತರು, ಆ ಸಾವುಗಳಲ್ಲಿ ಶೇ 90ಕ್ಕೂ ಹೆಚ್ಚು ಎಲ್ಲೂ ದಾಖಲಾಗಿಲ್ಲ ಎಂದಿತು. ಅಂತರ್ಜಾಲವೇ ಇಲ್ಲದ ಕಡೆ ಈ ವಿಧಾನವೂ ಕೈಕೊಡುತ್ತದೆ. ಅದೇ ದೇಶದ ಡಾರ್ಫರ್ ಪ್ರದೇಶದ ಬಹುಭಾಗ ಕತ್ತಲಲ್ಲಿ ಉಳಿದಿರುವುದು ಅದಕ್ಕೇ.

ತೋಳಪಟ್ಟಿ ಮತ್ತು ಕ್ಷಾಮದ ಗೆರೆ

ಅಳತೆಯ ಉಪಕರಣವೂ ಹಾದಿಯನ್ನು ಅವಲಂಬಿಸುತ್ತದೆ. ಅಪೌಷ್ಟಿಕತೆ ಅಳೆಯಲು ಎತ್ತರಕ್ಕೆ ತಕ್ಕ ತೂಕ ನೋಡುವುದು ಹೆಚ್ಚು ಒಪ್ಪಿತವಾದ ಕ್ರಮ. ಅದಕ್ಕೆ 100 ಗ್ರಾಂ ವ್ಯತ್ಯಾಸ ತೋರಿಸುವ ತಕ್ಕಡಿ, ಮಿಲಿಮೀಟರ್ ಓದುವ ಎತ್ತರದ ಹಲಗೆ, ಮಗುವನ್ನು ಹಿಡಿಯಲು ಇಬ್ಬರು ಬೇಕು. ಆ ಹಲಗೆ ಹೊತ್ತು ಐದು ಚೆಕ್‌ಪೋಸ್ಟ್ ದಾಟುವುದು ಎಲ್ಲ ಕಡೆಯೂ ಆಗುವ ಮಾತಲ್ಲ. ತೋಳಿನ ಸುತ್ತಳತೆಯ ಪಟ್ಟಿಯಾದರೆ ಜೇಬಿನಲ್ಲಿ ಹಿಡಿಸುತ್ತದೆ. ಎಡತೋಳಿನ ಭುಜಕ್ಕೂ ಮೊಣಕೈಗೂ ನಟ್ಟನಡುವೆ, ಚರ್ಮ ಅದುಮದಂತೆ ಸುತ್ತಬೇಕು. 125 ಮಿ.ಮೀ.ಗಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ, 115ಕ್ಕಿಂತ ಕಡಿಮೆಯಾದರೆ ಅತಿತೀವ್ರ. ಸ್ವಲ್ಪ ಬಿಗಿಯಾಗಿ ಎಳೆದರೂ 126 ಇದ್ದದ್ದು 124 ಆಗುತ್ತದೆ. ದಣಿದ ಸಮೀಕ್ಷಕರು 0 ಮತ್ತು 5ರಲ್ಲಿ ಮುಗಿಯುವ ಅಂಕಿಗಳನ್ನೇ ಬರೆಯುತ್ತಾರೆ. ದತ್ತಾಂಶದ ಕೊನೆಯ ಅಂಕಿಗಳನ್ನು ಎಣಿಸಿದರೆ ಈ ಚಾಳಿ ತಕ್ಷಣ ಕಣ್ಣಿಗೆ ಬೀಳುತ್ತದೆ. ತರಬೇತಿಯಲ್ಲಿ ಪ್ರತಿ ಸಮೀಕ್ಷಕರಿಂದ ಹತ್ತು ಮಕ್ಕಳನ್ನು ಎರಡೆರಡು ಬಾರಿ ಅಳೆಸಿ ನೋಡುವುದು ಇದಕ್ಕಾಗಿಯೇ. ಸಮಯವಿಲ್ಲವೆಂದು ಮೊದಲು ಕೈಬಿಡುವುದೂ ಇದನ್ನೇ.

ಈ ಎರಡು ಅಳತೆಗಳು ಒಂದೇ ಮಕ್ಕಳನ್ನು ಗುರುತಿಸುವುದಿಲ್ಲ, ಹಾಗಾಗಿ ಇದು ರಾಜಕೀಯವೂ ಆಗುತ್ತದೆ. ಐಪಿಸಿ ಎಂಬ ಆಹಾರ ಭದ್ರತಾ ವರ್ಗೀಕರಣದ ಪ್ರಕಾರ ಕ್ಷಾಮವೆಂದು ಕರೆಯಲು ಶೇ 20 ಮನೆಗಳಲ್ಲಿ ಆಹಾರದ ತೀವ್ರ ಕೊರತೆ, ತೂಕದ ಲೆಕ್ಕದಲ್ಲಿ ಶೇ 30 ಅಥವಾ ತೋಳಿನ ಲೆಕ್ಕದಲ್ಲಿ ಶೇ 15 ಮಕ್ಕಳ ಅಪೌಷ್ಟಿಕತೆ, ದಿನಕ್ಕೆ 10,000 ಜನರಿಗೆ 2 ಸಾವು ಇರಬೇಕು. 2025ರ ಆಗಸ್ಟ್‌ನಲ್ಲಿ ಗಾಜಾ ಗವರ್ನರೇಟಿನಲ್ಲಿ ಕ್ಷಾಮವಿದೆ ಎಂದಾಗ ಆಧಾರವಾದದ್ದು ತೋಳಿನ ಅಳತೆ. ತಕ್ಕಡಿ, ಹಲಗೆ ಹಿಡಿದು ಸಮೀಕ್ಷೆ ಮಾಡುವ ಸ್ಥಿತಿಯೇ ಅಲ್ಲಿರಲಿಲ್ಲ. ಗೆರೆಯನ್ನೇ ಸಡಿಲಿಸಿದರು ಎಂದು ಇಸ್ರೇಲ್ ಆಕ್ಷೇಪಿಸಿತು. ಆದರೆ ತೋಳಿನ ಗೆರೆ ಐಪಿಸಿಯ ನಿಯಮಗಳಲ್ಲಿ ಮೊದಲೇ ಇತ್ತು. ಡಾರ್ಫರ್‌ನ ಜಮ್ಜಮ್ ಶಿಬಿರದಲ್ಲಿ 2024ರ ಆಗಸ್ಟ್‌ನಲ್ಲಿ ಕ್ಷಾಮ ಗುರುತಿಸಿದ ಬಳಿಕ, ಅದೇ ವರ್ಷ ಡಿಸೆಂಬರ್‌ನಲ್ಲಿ ಸುಡಾನ್ ಸರ್ಕಾರ ಐಪಿಸಿಯಿಂದಲೇ ಹೊರನಡೆಯಿತು. ದಾರಿ ಮುಚ್ಚುವವರೇ ‘ಸಾಕಷ್ಟು ದತ್ತಾಂಶವಿಲ್ಲ’ ಎಂದು ಹೇಳುವ ಸ್ಥಾನದಲ್ಲೂ ಇರುತ್ತಾರೆ.

ಪ್ರಯೋಗಾಲಯಕ್ಕೆ ತಲುಪದ ಮಾದರಿ

ಪೋಲಿಯೊ ಶಂಕೆ ಬಂದರೆ ಪಾರ್ಶ್ವವಾಯು ಕಾಣಿಸಿದ 14 ದಿನಗಳೊಳಗೆ, ಕನಿಷ್ಠ 24 ಗಂಟೆ ಅಂತರದಲ್ಲಿ ಎರಡು ಮಲ ಮಾದರಿ ತೆಗೆದು, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು, ಮೂರು ದಿನಗಳಲ್ಲಿ ಪ್ರಯೋಗಾಲಯ ಮುಟ್ಟಿಸಬೇಕು. ಯುದ್ಧರೇಖೆ ದಾಟುವಾಗ ಮೂರನೇ ದಿನಕ್ಕೆ ಮಂಜುಗಡ್ಡೆ ಕರಗಿರುತ್ತದೆ. ಆಗ ಬರುವ ‘ವೈರಾಣು ಇಲ್ಲ’ ಎಂಬ ಫಲಿತಾಂಶಕ್ಕೆ ಅರ್ಥವಿಲ್ಲ. ಸಿರಿಯಾದಲ್ಲಿ ಡಮಾಸ್ಕಸ್ ಸರ್ಕಾರದ ಕಡೆ ಒಂದು ರೋಗ ನಿಗಾ ವ್ಯವಸ್ಥೆ, ವಿರೋಧಿಗಳ ಹಿಡಿತದ ಪ್ರದೇಶಕ್ಕೆ ಟರ್ಕಿಯಿಂದ ನಡೆಯುತ್ತಿದ್ದ ಇನ್ನೊಂದು, ಹೀಗೆ ಎರಡು ಸಮಾನಾಂತರವಾಗಿ ಕೆಲಸ ಮಾಡಿದವು.

ಪ್ರಯೋಗಾಲಯವೇ ಇಲ್ಲವಾದರೆ ‘ಶಂಕಿತ’ ಎಂಬ ಪದದ ಮೇಲೆ ಎಲ್ಲ ಭಾರ ಬೀಳುತ್ತದೆ. ಯೆಮೆನ್‌ನಲ್ಲಿ 2017ರ ಕೊನೆಗೆ 10 ಲಕ್ಷ ದಾಟಿದ್ದು ಶಂಕಿತ ಕಾಲರಾ ಪ್ರಕರಣಗಳು. ಪರೀಕ್ಷೆಯಿಂದ ಖಚಿತವಾದದ್ದು ಅದರಲ್ಲಿ ಸಣ್ಣ ಪಾಲು. ಸಾಧಾರಣ ಭೇದಿಯೂ ಆ ಲೆಕ್ಕಕ್ಕೆ ಸೇರಿದ್ದರಿಂದ ಪ್ರಕರಣಕ್ಕೆ ಸಾವಿನ ಅನುಪಾತ ಕಡಿಮೆ ಕಂಡಿತು. ಚಿಕಿತ್ಸೆ ಚೆನ್ನಾಗಿದೆ ಎಂಬ ಭ್ರಮೆಗೆ ಅಷ್ಟು ಸಾಕು. ಸುಡಾನ್‌ನಲ್ಲಿ ಯುದ್ಧ ಶುರುವಾದ ಎರಡೇ ವಾರದಲ್ಲಿ ಖಾರ್ಟೂಮಿನ ರಾಷ್ಟ್ರೀಯ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ ಹೋರಾಟಗಾರರ ವಶವಾಯಿತು. ಅದೇ ನಗರದಲ್ಲಿ 1991ರಿಂದ ಇದ್ದ ಮೈಸಿಟೋಮಾ ಸಂಶೋಧನಾ ಕೇಂದ್ರವೂ ನಾಶವಾಯಿತು. ಪಾದವನ್ನು ತಿನ್ನುವ ಈ ರೋಗದ ಶಿಲೀಂಧ್ರಜನ್ಯ ಬಗೆಗೆ ಫಾಸ್‌ರಾವುಕೊನಜೋಲ್ ಎಂಬ ಔಷಧದ ಪ್ರಯೋಗ ನಡೆದದ್ದು ಅಲ್ಲೇ. ದಶಕಗಳಿಂದ ಕೂಡಿಟ್ಟ ಜೈವಿಕ ಮಾದರಿಗಳನ್ನು ಮತ್ತೆ ಸಂಗ್ರಹಿಸಲು ಆಗುವುದಿಲ್ಲ.

ಪ್ರಯೋಗ ಸಾಧ್ಯವೇ?

ಸಾಧ್ಯ. ಪೂರ್ವ ಕಾಂಗೋದಲ್ಲಿ 2018ರ ಆಗಸ್ಟ್‌ನಲ್ಲಿ ಘೋಷಣೆಯಾದ ಎಬೋಲಾ ಹಾವಳಿಯ ನಡುವೆಯೇ ‘ಪಾಮ್’ ಪ್ರಯೋಗ ನಡೆಯಿತು. ನಾಲ್ಕು ಔಷಧಗಳನ್ನು ರೋಗಿಗಳಿಗೆ ಯಾದೃಚ್ಛಿಕವಾಗಿ ಹಂಚಿ, 28 ದಿನಗಳ ನಂತರ ಬದುಕಿದ್ದಾರೆಯೇ ಎಂದು ನೋಡುವುದು. 2019ರ ಫೆಬ್ರುವರಿಯಲ್ಲಿ ಕಾಟ್ವಾ ಮತ್ತು ಬುಟೆಂಬೊ ಚಿಕಿತ್ಸಾ ಕೇಂದ್ರಗಳ ಮೇಲೆ ದಾಳಿಯಾಯಿತು, ಏಪ್ರಿಲ್‌ನಲ್ಲಿ ಬುಟೆಂಬೊ ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞ ಡಾ. ರಿಚರ್ಡ್ ಮುಜೊಕೊ ಹತ್ಯೆಯಾದರು. ಆದರೂ 681 ರೋಗಿಗಳು ಸೇರ್ಪಡೆಯಾದರು. ಆಗಸ್ಟ್‌ನಲ್ಲಿ ಮಧ್ಯಂತರ ಫಲಿತಾಂಶ ಸ್ಪಷ್ಟವಾದ್ದರಿಂದ ಪ್ರಯೋಗ ನಿಲ್ಲಿಸಿದರು. ಆ ನಾಲ್ಕು ಔಷಧಗಳ ಪೈಕಿ ಜಡ್‌ಮ್ಯಾಪ್ ಪಡೆದವರಲ್ಲಿ ಸಾವು ಶೇ 49.7, ಎಂಎಬಿ114 ಪಡೆದವರಲ್ಲಿ ಶೇ 35.1, ಆರ್‌ಇಜಿಎನ್-ಇಬಿ3 ಪಡೆದವರಲ್ಲಿ ಶೇ 33.5.

ಇದು ದಡ ಸೇರಲು ಕಾರಣಗಳಿವೆ. ಮುಖ್ಯ ಪ್ರಶ್ನೆ ಒಂದೇ, ಉತ್ತರ ಸಿಗಲು ನಾಲ್ಕು ವಾರ ಸಾಕು. ಹೋಲಿಕೆಗಾಗಿ ಯಾರಿಗೂ ಔಷಧಾಂಶವೇ ಇಲ್ಲದ ಹುಸಿ ಔಷಧ (ಪ್ಲಸೀಬೊ) ಕೊಡಲಿಲ್ಲ. ಒಂದಕ್ಕಿಂತ ಹೆಚ್ಚು ಕೇಂದ್ರಗಳಿದ್ದವು, ಒಂದು ಸುಟ್ಟರೆ ಇನ್ನೊಂದು ನಡೆಯುತ್ತಿತ್ತು. ಕಾಂಗೋದ ವಿಜ್ಞಾನಿಗಳೇ ಮುಂದಾಳತ್ವ ವಹಿಸಿದ್ದರು. ಎರಡು ವರ್ಷ ಪ್ರತಿ ತಿಂಗಳು ರೋಗಿಯನ್ನು ಮತ್ತೆ ಮತ್ತೆ ನೋಡಬೇಕಾದ ಪ್ರಯೋಗವನ್ನು ಇದೇ ನೆಲದಲ್ಲಿ ಯೋಜಿಸುವುದು ನನ್ನ ಮಟ್ಟಿಗೆ ಹಣವನ್ನೂ ಜನರ ಸಹನೆಯನ್ನೂ ಪೋಲು ಮಾಡುವುದೇ ಸರಿ.

ಒಪ್ಪಿಗೆ, ಅನುಮಾನ, ಅಪಾಯ

ಬಿಳಿ ವಾಹನದಲ್ಲಿ ಬಂದವರು ಪ್ರಶ್ನೆ ಕೇಳಿದರೆ, ಉತ್ತರಿಸಿದರಷ್ಟೇ ಪಡಿತರ ಸಿಗುತ್ತದೆಂದು ಜನ ಭಾವಿಸುವುದು ಸಹಜ. ಆಗ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ನೆರವು ಹಂಚುವ ತಂಡವನ್ನೂ ಸಮೀಕ್ಷೆಯ ತಂಡವನ್ನೂ ಬೇರೆ ಮಾಡಬೇಕು, ಬೇರೆ ದಿನ ಕಳುಹಿಸಬೇಕು. ಸಹಿಯ ಬದಲು ಮೌಖಿಕ ಒಪ್ಪಿಗೆ ಸಾಕೆಂದು ನೈತಿಕ ಸಮಿತಿಯಿಂದ ಮೊದಲೇ ಅನುಮತಿ ಪಡೆಯುವುದು ಲೇಸು, ಏಕೆಂದರೆ ಸಹಿ ಇರುವ ಕಾಗದವೇ ಮನೆಯವರ ವಿರುದ್ಧ ಸಾಕ್ಷಿಯಾಗಬಹುದು. ಲೈಂಗಿಕ ಹಿಂಸೆಯ ಬಗ್ಗೆ ಕೇಳುವುದಾದರೆ ವಿಶ್ವ ಆರೋಗ್ಯ ಸಂಸ್ಥೆಯ 2007ರ ಶಿಫಾರಸು ಖಡಕ್ಕಾಗಿದೆ: ಸಂತ್ರಸ್ತರಿಗೆ ಆರೈಕೆ ಅಲ್ಲಿಯೇ ಲಭ್ಯವಿಲ್ಲದಿದ್ದರೆ ಪ್ರಶ್ನೆ ಕೇಳಲೇಬೇಡಿ.

ಅನುಮಾನಕ್ಕೆ ಆಧಾರವೂ ಇದೆ. ಒಸಾಮಾ ಬಿನ್ ಲಾಡೆನ್ ಪತ್ತೆಗಾಗಿ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎ 2011ರಲ್ಲಿ ಪಾಕಿಸ್ತಾನದ ಅಬೋಟಾಬಾದ್‌ನಲ್ಲಿ ಹೆಪಟೈಟಿಸ್ ಬಿ ಲಸಿಕೆಯ ಹುಸಿ ಅಭಿಯಾನ ನಡೆಸಿತು. ಮರುವರ್ಷ ತಾಲಿಬಾನ್ ಕಮಾಂಡರ್‌ಗಳು ಉತ್ತರ ವಜೀರಿಸ್ತಾನದಲ್ಲಿ ಪೋಲಿಯೊ ಲಸಿಕೆ ನಿಷೇಧಿಸಿದರು, ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಬೇರೆ ಕಡೆ ಲಸಿಕೆ ಕಾರ್ಯಕರ್ತೆಯರು ಬಂದೂಕುಧಾರಿಗಳ ಗುಂಡಿಗೆ ಬಲಿಯಾದರು. ಲಸಿಕಾ ಕಾರ್ಯಕ್ರಮಗಳನ್ನು ಇನ್ನು ಬೇಹುಗಾರಿಕೆಗೆ ಬಳಸುವುದಿಲ್ಲವೆಂದು ಅಮೆರಿಕ 2014ರಲ್ಲಿ ಮಾತು ಕೊಟ್ಟಿತು. ಮನೆಯ ಗೋಡೆಗೆ ಗುರುತು ಹಾಕುವವರನ್ನು, ಫೋನಿನಲ್ಲಿ ಸ್ಥಳದ ನಿರ್ದೇಶಾಂಕ ದಾಖಲಿಸುವವರನ್ನು ಕಂಡರೆ ‘ದಾಳಿಗೆ ಗುರಿ ಹುಡುಕುತ್ತಿದ್ದಾರೆ’ ಎಂದು ಜನ ಅನ್ನುವುದು ಬರೀ ವದಂತಿಯಲ್ಲ. 2015ರ ಅಕ್ಟೋಬರ್‌ನಲ್ಲಿ ಅಮೆರಿಕದ ವಾಯುದಾಳಿಗೆ 42 ಜನ ಸತ್ತ, ಅಫ್ಘಾನಿಸ್ತಾನದ ಕುಂಡೂಜ್ ಆಸ್ಪತ್ರೆಯ ನಿರ್ದೇಶಾಂಕಗಳನ್ನು ಎಲ್ಲ ಕಡೆಯವರಿಗೂ ಮೊದಲೇ ಕೊಡಲಾಗಿತ್ತು.

ಆದ್ದರಿಂದ ಬಲ್ಲ ತಂಡಗಳು ಏನನ್ನು ಕೇಳಬೇಕೆಂಬುದಕ್ಕಿಂತ ಏನನ್ನು ಕೇಳಬಾರದೆಂದು ಮೊದಲು ತೀರ್ಮಾನಿಸುತ್ತವೆ. ಸಾವಿನ ಕಾರಣ ‘ಕಾಯಿಲೆ, ಅಪಘಾತ, ಹಿಂಸೆ’ ಎಂಬಷ್ಟಕ್ಕೆ ನಿಲ್ಲುತ್ತದೆ, ಕೊಂದವರು ಯಾರೆಂದು ಕೇಳುವುದಿಲ್ಲ. ಇದರಿಂದ ಜ್ಞಾನ ನಷ್ಟವಾಗುತ್ತದೆ ನಿಜ, ಆದರೆ ಚೆಕ್‌ಪೋಸ್ಟಿನಲ್ಲಿ ಟ್ಯಾಬ್ಲೆಟ್ ಕಸಿದುಕೊಂಡರೆ ಅದರಲ್ಲಿ ಯಾರ ಪ್ರಾಣಕ್ಕೂ ಎರವಾಗುವ ಸಾಲು ಇರುವುದಿಲ್ಲ. ಹೆಸರಿನ ಬದಲು ಸಂಖ್ಯೆ, ಮನೆಯ ಬದಲು ಗುಂಪಿನ ಗುರುತು ಬರೆಯುತ್ತಾರೆ. ಗೂಢಲಿಪಿಯಲ್ಲಿ ಉಳಿಸಿ, ಸಂಪರ್ಕ ಸಿಕ್ಕ ತಕ್ಷಣ ರವಾನಿಸಿ, ಸಾಧನದಿಂದ ಅಳಿಸುತ್ತಾರೆ.

ಅಪಾಯದ ಹಂಚಿಕೆ ಸಮನಾಗಿಲ್ಲ. ಪ್ರಶ್ನಾವಳಿ ಬರೆದವರು ದೂರದ ವಿಶ್ವವಿದ್ಯಾಲಯದಲ್ಲಿರುತ್ತಾರೆ, ಬಾಗಿಲು ತಟ್ಟುವವರು ಸ್ಥಳೀಯರು; ಸಮೀಕ್ಷೆ ಮುಗಿದ ಮೇಲೂ ಅವರು ಅಲ್ಲೇ ಬಾಳಬೇಕು. ವಿಮೆ, ಸ್ಥಳಾಂತರದ ಏರ್ಪಾಡು, ಲೇಖಕರ ಪಟ್ಟಿಯಲ್ಲಿ ಜಾಗ ಇವು ಮೂರನ್ನೂ ಒಪ್ಪಂದದಲ್ಲೇ ಬರೆಯಬೇಕು. ಹೆಸರು ಬೇಡವೆನ್ನುವ ಹಕ್ಕೂ ಅವರದ್ದೇ. ಅಫ್ಘಾನಿಸ್ತಾನದಲ್ಲಿ 2022ರ ಡಿಸೆಂಬರ್‌ನಲ್ಲಿ ಮಹಿಳೆಯರು ಸರ್ಕಾರೇತರ ಸಂಸ್ಥೆಗಳಲ್ಲಿ ದುಡಿಯಬಾರದೆಂದು ತಾಲಿಬಾನ್ ಆದೇಶಿಸಿತು. ಆರೋಗ್ಯ ಸೇವೆಗೆ ಒಂದಿಷ್ಟು ವಿನಾಯಿತಿ ಸಿಕ್ಕರೂ, ಮಹಿಳಾ ಸಮೀಕ್ಷಕಿ ಇಲ್ಲದ ತಂಡಕ್ಕೆ ಅಲ್ಲಿನ ಮನೆಯ ಒಳಕೋಣೆ ತೆರೆಯುವುದಿಲ್ಲ. ಹೆರಿಗೆ, ಗರ್ಭಪಾತ, ಎದೆಹಾಲಿನ ಪ್ರಶ್ನೆಗೆ ಗಂಡಸು ಕೊಟ್ಟ ಉತ್ತರವೇ ದತ್ತಾಂಶವಾಗುತ್ತದೆ.

2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಸ್ಥಗಿತಗೊಳಿಸಿದಾಗ ಕ್ಷಾಮದ ಮುನ್ಸೂಚನೆ ಕೊಡುವ ‘ಫ್ಯೂಸ್ ನೆಟ್’ ತಿಂಗಳುಗಟ್ಟಲೆ ಮುಚ್ಚಿತ್ತು. ದಶಕಗಳಿಂದ ಹತ್ತಾರು ಬಡ ದೇಶಗಳಲ್ಲಿ ನಡೆಯುತ್ತಿದ್ದ ಜನಸಂಖ್ಯಾ ಮತ್ತು ಆರೋಗ್ಯ ಸಮೀಕ್ಷೆಗಳ ಕಾರ್ಯಕ್ರಮಕ್ಕೂ ಹಣ ನಿಂತಿತು. ಯುದ್ಧ ಬಂದ ಮೇಲೆ ‘ಮೊದಲು ಎಷ್ಟಿತ್ತು’ ಎಂದು ತಿಳಿಯಲು ಸಂಶೋಧಕರು ತಡಕಾಡುತ್ತಿದ್ದುದು ಈ ಸಮೀಕ್ಷೆಗಳನ್ನೇ. ಕಾಂಗೋದಲ್ಲಿ 1.5ಕ್ಕೂ 2.0ಕ್ಕೂ ನಡುವೆ ನಡೆದಂಥ ಜಗಳ ಮುಂದೆ ಇನ್ನೊಂದು ದೇಶದ ಬಗ್ಗೆ ಎದ್ದರೆ, ಬಿಡಿಸಲು ಅಷ್ಟು ಆಧಾರವೂ ಇರುವುದಿಲ್ಲ.